ಕರ್ನಾಟಕದಲ್ಲಿ ಮಹಶೀರ್ ಮೀನುಗಾರಿಕೆಯ ನಿರ್ಬಂಧಗಳು

ಕರ್ನಾಟಕದ ನದಿಗಳಲ್ಲಿ ಮಹಶೀರ್ ಮೀನಿನ ಸಂತತಿಯನ್ನು ಉಳಿಸುವ ಉದ್ದೇಶದಿಂದ ಮೀನು ಹಿಡಿಯುವ ಸಾಧನ, ವಿಧಾನ ಮತ್ತು ಸ್ಥಳಗಳ ಮೇಲೆ ಕಾಲಕಾಲಕ್ಕೆ ಕಟ್ಟುಪಾಡುಗಳನ್ನು ವಿಧಿಸಲಾಗಿದೆ. ಸ್ಫೋಟಕ ಮತ್ತು ವಿಷದ ಬಳಕೆಯ ನಿಷೇಧ, ದೇವಾಲಯಗಳ ಬಳಿಯ ಮೀನುಧಾಮಗಳು, ಗಾಳ ಹಾಕಿ ಹಿಡಿದ ಮೀನನ್ನು ಮರಳಿ ನೀರಿಗೆ ಬಿಡುವ ನಿಯಮ ಹಾಗೂ ಅಭಯಾರಣ್ಯಗಳಲ್ಲಿ ಮೀನು ಹಿಡಿಯುವುದರ ಸಂಪೂರ್ಣ ನಿಷೇಧ ಇವುಗಳಲ್ಲಿ ಮುಖ್ಯವಾದವು. ಕಾವೇರಿ ನದಿಯ ಗೂನುಬೆನ್ನಿನ ಮಹಶೀರ್ ವಿನಾಶದ ಅಂಚನ್ನು ತಲುಪಿರುವುದರಿಂದ ಈ ನಿರ್ಬಂಧಗಳು ಮತ್ತು ಅವುಗಳ ಉಲ್ಲಂಘನೆ ಚರ್ಚೆಯ ವಿಷಯವಾಗಿವೆ.

ಮೀನಿನ ಪರಿಚಯ

ಮಹಶೀರ್ ಗೆಂಡೆಮೀನುಗಳ ಕುಟುಂಬಕ್ಕೆ ಸೇರಿದ, ದೊಡ್ಡ ಹುರುಪೆಗಳುಳ್ಳ ಸಿಹಿನೀರಿನ ಮೀನು. ಕಾವೇರಿ ತೀರದಲ್ಲಿ ಇದನ್ನು ಬಿಳಿಮೀನು ಎಂದೂ ಕರೆಯುವುದುಂಟು. ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಮಾತ್ರ ವಾಸಿಸುವ ಗೂನುಬೆನ್ನಿನ ಮಹಶೀರ್ ಈ ಗುಂಪಿನ ಅತಿ ದೊಡ್ಡ ಮೀನುಗಳಲ್ಲಿ ಒಂದು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದ ಡಿ ವೆಟ್ ವ್ಯಾನ್ ಇಂಗೆನ್ ಅವರು ಕಬಿನಿ ನದಿಯಲ್ಲಿ ಗಾಳದಿಂದ ಹಿಡಿದ ಮಹಶೀರ್ 120 ಪೌಂಡ್, ಅಂದರೆ ಸುಮಾರು 54 ಕಿಲೋಗ್ರಾಂ ತೂಗಿತ್ತು.

ಈ ಮೀನು ಬೇಟೆಗಾರರಿಗೆ ಶತಮಾನಕ್ಕೂ ಹೆಚ್ಚು ಕಾಲ ಪರಿಚಿತವಾಗಿದ್ದರೂ ಅದರ ವೈಜ್ಞಾನಿಕ ಗುರುತು ಖಚಿತವಾದದ್ದು ತೀರ ಇತ್ತೀಚೆಗೆ. ಕೇರಳದ ಪಾಂಬಾರ್ ನದಿಯಿಂದ 2007ರಲ್ಲಿ ವಿವರಿಸಲಾಗಿದ್ದ ಟಾರ್ ರೆಮಾದೇವಿ ಎಂಬ ಪ್ರಭೇದವೇ ಇದು ಎಂದು 2018ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಅದೇ ವರ್ಷ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಈ ಮೀನನ್ನು ತೀವ್ರ ಅಪಾಯದಲ್ಲಿರುವ ಪ್ರಭೇದಗಳ ಪಟ್ಟಿಗೆ ಸೇರಿಸಿತು.

ಮಹಶೀರ್ ನಿಧಾನವಾಗಿ ಪ್ರೌಢಾವಸ್ಥೆಗೆ ಬರುತ್ತದೆ. ಮಳೆಗಾಲದಲ್ಲಿ ಪ್ರವಾಹಕ್ಕೆ ಎದುರಾಗಿ ಸಾಗಿ, ಕಲ್ಲು ಮತ್ತು ಜಲ್ಲಿ ಇರುವ ಹರಿಯುವ ನೀರಿನಲ್ಲಿ ಮೊಟ್ಟೆಯಿಡುತ್ತದೆ. ಆದ್ದರಿಂದ ದೊಡ್ಡ ತಾಯಿಮೀನುಗಳು ನಾಶವಾದರೆ ಸಂತತಿ ಚೇತರಿಸಿಕೊಳ್ಳಲು ದೀರ್ಘಕಾಲ ಬೇಕಾಗುತ್ತದೆ. ಅಣೆಕಟ್ಟುಗಳು ಮೀನಿನ ವಲಸೆಯ ದಾರಿಯನ್ನು ಕಡಿದಿರುವುದೂ ಮರಳು ಗಣಿಗಾರಿಕೆ ಮೊಟ್ಟೆಯಿಡುವ ನೆಲೆಗಳನ್ನು ಕೆಡಿಸಿರುವುದೂ ಇದರ ಅವನತಿಗೆ ಇತರ ಕಾರಣಗಳಾಗಿವೆ.

ನಿಷಿದ್ಧ ಸಾಧನಗಳು ಮತ್ತು ವಿಧಾನಗಳು

ನದಿಯಲ್ಲಿ ಮೀನು ಹಿಡಿಯುವ ಸಾಂಪ್ರದಾಯಿಕ ಸಾಧನಗಳಾದ ಗಾಳ, ಬೀಸುಬಲೆ ಮತ್ತು ಬಿದಿರಿನ ಕೂಳಿಗಳು ಸ್ವತಃ ನಿಷಿದ್ಧವಲ್ಲ. ಬಲೆಯ ಕಣ್ಣು ಕಿರಿದಾದಾಗ ಅಥವಾ ಮೊಟ್ಟೆಯಿಡಲು ಹತ್ತಿ ಬರುವ ಮೀನುಗಳ ದಾರಿಗೆ ಅಡ್ಡಲಾಗಿ ಕಟ್ಟೆ ಕಟ್ಟಿ ಕೂಳಿಯನ್ನು ಒಡ್ಡಿದಾಗ ಅವು ಹಾನಿಕರವಾಗುತ್ತವೆ. ಕಿರುಗಣ್ಣಿನ ಬಲೆಯಲ್ಲಿ ಮರಿಗಳೂ ಸಿಕ್ಕಿಬೀಳುತ್ತವೆ. ಕಟ್ಟೆಯಲ್ಲಿ ಒಡ್ಡಿದ ಕೂಳಿಗೆ ಮೊಟ್ಟೆ ತುಂಬಿದ ಮೀನುಗಳೇ ಬಲಿಯಾಗುತ್ತವೆ.

ಇವುಗಳಿಗಿಂತ ಹೆಚ್ಚು ವಿನಾಶಕಾರಿಯಾದವು ತೋಟೆ ಸಿಡಿಸುವುದು, ವಿಷ ಬೆರೆಸುವುದು ಮತ್ತು ನೀರಿಗೆ ವಿದ್ಯುತ್ ಹರಿಸುವುದು. ಮಡುವಿನಲ್ಲಿ ತೋಟೆ ಸಿಡಿಸಿದಾಗ ಆಘಾತಕ್ಕೆ ಮೀನಿನ ಗಾಳಿಚೀಲ ಒಡೆಯುತ್ತದೆ. ಸತ್ತವುಗಳಲ್ಲಿ ತೇಲಿಬರುವ ಕೆಲವನ್ನು ಮಾತ್ರ ಕಳ್ಳಬೇಟೆಗಾರರು ಆಯ್ದುಕೊಳ್ಳುತ್ತಾರೆ. ಉಳಿದವು ತಳದಲ್ಲಿಯೇ ಕೊಳೆಯುತ್ತವೆ. ವಿಷಕ್ಕಾಗಿ ಹಿಂದೆ ಕಾರೆಕಾಯಿಯಂತಹ ಸಸ್ಯಗಳನ್ನು ಬಳಸುತ್ತಿದ್ದರು. ಈಚೆಗೆ ಮೈಲುತುತ್ತ, ಬ್ಲೀಚಿಂಗ್ ಪುಡಿ ಹಾಗೂ ಕೀಟನಾಶಕಗಳ ಬಳಕೆ ಕಂಡುಬರುತ್ತದೆ. ಈ ಮೂರೂ ವಿಧಾನಗಳಲ್ಲಿ ಗಾತ್ರದ ಆಯ್ಕೆಯಿಲ್ಲದೆ ಮರಿ, ತಾಯಿಮೀನು ಮತ್ತು ಇತರ ಜಲಚರಗಳು ಒಟ್ಟಿಗೇ ಸಾಯುತ್ತವೆ.

ಕಾನೂನಿನ ಬೆಳವಣಿಗೆ

ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಹೆನ್ರಿ ಸಲ್ಲಿವನ್ ಥಾಮಸ್ 1873ರಲ್ಲಿ ‘ದಿ ರಾಡ್ ಇನ್ ಇಂಡಿಯಾ’ ಎಂಬ ಗ್ರಂಥವನ್ನು ಪ್ರಕಟಿಸಿ, ಗಾಳದ ಬೇಟೆಗೆ ಮಹಶೀರ್ ಅನ್ನು ಪ್ರಸಿದ್ಧಗೊಳಿಸಿದರು. ಅದೇ ವರ್ಷ ಭಾರತ ಮತ್ತು ಬರ್ಮಾದ ಸಿಹಿನೀರಿನ ಮೀನುಗಾರಿಕೆಯ ಕುರಿತು ಫ್ರಾನ್ಸಿಸ್ ಡೇ ಅವರ ವರದಿಯೂ ಹೊರಬಂದಿತು.

1897ರ ಭಾರತೀಯ ಮೀನುಗಾರಿಕೆ ಕಾಯ್ದೆಯು ಸ್ಫೋಟಕ ಮತ್ತು ವಿಷ ಬಳಸಿ ಮೀನು ಕೊಲ್ಲುವುದನ್ನು ಅಪರಾಧವೆಂದು ಸಾರಿತು. ಮೂಲ ಕಾಯ್ದೆಯಲ್ಲಿ ಇದಕ್ಕೆ ಎರಡು ತಿಂಗಳವರೆಗಿನ ಸೆರೆವಾಸ ಅಥವಾ 200 ರೂಪಾಯಿವರೆಗಿನ ದಂಡವನ್ನು ಗೊತ್ತುಪಡಿಸಲಾಗಿತ್ತು. ಸ್ಥಿರವಾಗಿ ನೆಟ್ಟ ಬಲೆ ಮತ್ತು ಕೂಳಿಗಳು, ಅಡ್ಡಕಟ್ಟೆಗಳು, ಬಲೆಯ ಅಳತೆ ಮತ್ತು ಅದನ್ನು ಬಳಸುವ ಕ್ರಮ ಇವುಗಳ ಬಗ್ಗೆ ನಿಯಮ ರೂಪಿಸುವ ಅಧಿಕಾರವನ್ನೂ, ಗೊತ್ತುಪಡಿಸಿದ ನೀರಿನಲ್ಲಿ ಎರಡು ವರ್ಷ ಮೀರದಂತೆ ಮೀನುಗಾರಿಕೆಯನ್ನೇ ನಿಲ್ಲಿಸುವ ಅಧಿಕಾರವನ್ನೂ ಅದು ಪ್ರಾಂತೀಯ ಸರಕಾರಗಳಿಗೆ ನೀಡಿತು. ಮೈಸೂರು ಸಂಸ್ಥಾನವು 1901ರಲ್ಲಿ ಬೇಟೆಯ ಪ್ರಾಣಿಗಳು ಮತ್ತು ಮೀನುಗಳ ರಕ್ಷಣೆಗೆ ತನ್ನದೇ ಆದ ಶಾಸನವನ್ನು ಹೊರಡಿಸಿತು. ಈಗ ರಾಜ್ಯದ ಒಳನಾಡು ನೀರಿಗೆ ಕರ್ನಾಟಕ ಒಳನಾಡು ಮೀನುಗಾರಿಕೆ (ಸಂರಕ್ಷಣೆ, ಅಭಿವೃದ್ಧಿ ಮತ್ತು ನಿಯಂತ್ರಣ) ಅಧಿನಿಯಮ, 1996 ಅನ್ವಯಿಸುತ್ತದೆ.

ದೇವಾಲಯಗಳ ಮೀನುಧಾಮಗಳು

ಶಾಸನಕ್ಕಿಂತ ಮೊದಲೇ ಧಾರ್ಮಿಕ ಶ್ರದ್ಧೆ ಹಲವೆಡೆ ಮಹಶೀರ್‌ಗೆ ರಕ್ಷಣೆ ಒದಗಿಸಿದೆ. ತುಂಗಾ ತೀರದ ಶೃಂಗೇರಿ, ಕಾವೇರಿ ತೀರದ ರಾಮನಾಥಪುರ ಹಾಗೂ ಬೆಳ್ತಂಗಡಿ ತಾಲೂಕಿನ ಶಿಶಿಲಗಳಲ್ಲಿ ದೇವರ ಮೀನುಗಳನ್ನು ಯಾರೂ ಹಿಡಿಯುವುದಿಲ್ಲ. ಭಕ್ತರು ಅವುಗಳಿಗೆ ಆಹಾರ ಹಾಕುತ್ತಾರೆ. ಆದರೂ ಇಂತಹ ಸ್ಥಳಗಳು ದುಷ್ಕೃತ್ಯದಿಂದ ಪೂರ್ಣ ಸುರಕ್ಷಿತವಲ್ಲ. ಶಿಶಿಲದ ಕಪಿಲಾ ನದಿಗೆ 1996ರಲ್ಲಿ ಕಿಡಿಗೇಡಿಗಳು ವಿಷ ಬೆರೆಸಿದಾಗ ಅಪಾರ ಸಂಖ್ಯೆಯ ಮೀನುಗಳು ಸತ್ತವು. ಅವುಗಳ ನೆನಪಿಗಾಗಿ ಅಲ್ಲಿ ಮತ್ಸ್ಯ ಸ್ಮಾರಕವನ್ನು ನಿರ್ಮಿಸಲಾಗಿದೆ.

ಕಾವೇರಿಯಲ್ಲಿ ಗಾಳದ ಕ್ರೀಡೆ

ಬೆಂಗಳೂರಿನ ದಕ್ಷಿಣ ಭಾರತ ವನ್ಯಜೀವಿ ಸಂಘವು 1970ರ ದಶಕದಿಂದ ಕಾವೇರಿಯ ಒಂದು ಭಾಗವನ್ನು ಗುತ್ತಿಗೆ ಪಡೆದು ಕಾವಲು ಏರ್ಪಡಿಸಿತು. ಮುಂದೆ ಸರಕಾರಿ ಸ್ವಾಮ್ಯದ ಜಂಗಲ್ ಲಾಡ್ಜಸ್ ಸಂಸ್ಥೆ ಭೀಮೇಶ್ವರಿ, ದೊಡ್ಡಮಾಕಳಿ ಮತ್ತು ಗಾಳಿಬೋರೆಗಳಲ್ಲಿ ಶಿಬಿರಗಳನ್ನು ನಡೆಸಿತು. ದೇಶವಿದೇಶಗಳಿಂದ ಬಂದವರು ರಾಗಿ ಹಿಟ್ಟಿನ ಉಂಡೆಯನ್ನು ಗಾಳಕ್ಕೆ ಸಿಕ್ಕಿಸಿ ಮಹಶೀರ್ ಹಿಡಿಯುತ್ತಿದ್ದರು. ಹಿಡಿದ ಮೀನನ್ನು ತೂಗಿ, ವಿವರ ಬರೆದುಕೊಂಡು ಜೀವಂತವಾಗಿ ನದಿಗೆ ಬಿಡುವುದು ಇಲ್ಲಿ ಕಡ್ಡಾಯವಾಗಿತ್ತು.

ಇದರ ಮತ್ತೊಂದು ಪರಿಣಾಮ ಸ್ಥಳೀಯರ ಜೀವನೋಪಾಯದಲ್ಲಿ ಕಂಡುಬಂದಿತು. ಹಿಂದೆ ಕಳ್ಳತನದಿಂದ ಮೀನು ಹಿಡಿಯುತ್ತಿದ್ದ ಕೆಲವರು ಶಿಬಿರಗಳಲ್ಲಿ ಮಾರ್ಗದರ್ಶಕರಾಗಿ, ಹರಿಗೋಲು ನಡೆಸುವವರಾಗಿ, ಕಾವಲುಗಾರರಾಗಿ ಕೆಲಸಕ್ಕೆ ಸೇರಿದರು. ಜೀವಂತ ಮೀನು ಅವರಿಗೆ ಸತ್ತ ಮೀನಿಗಿಂತ ಹೆಚ್ಚು ಬೆಲೆಯುಳ್ಳದ್ದಾಯಿತು.

ಅಭಯಾರಣ್ಯದಲ್ಲಿ ನಿಷೇಧ ಮತ್ತು ಚರ್ಚೆ

ಈ ಶಿಬಿರಗಳಿದ್ದ ನದಿಭಾಗವು 1987ರಲ್ಲಿ ಘೋಷಿತವಾದ ಕಾವೇರಿ ವನ್ಯಜೀವಿ ಅಭಯಾರಣ್ಯಕ್ಕೆ ಸೇರಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಎಂಬ ಪದದ ವ್ಯಾಪ್ತಿಯಲ್ಲಿ ಸೆರೆಹಿಡಿಯುವುದೂ ಬರುತ್ತದೆ. ಈ ನೆಲೆಯಲ್ಲಿ ಹಿಡಿದು ಬಿಡುವ ಕ್ರೀಡೆಗೂ ಅವಕಾಶ ನಿರಾಕರಿಸಲಾಗಿ, 2010ರ ನಂತರದ ವರ್ಷಗಳಲ್ಲಿ ಅದು ನಿಂತುಹೋಯಿತು.

ನಿಷೇಧವನ್ನು ಸಮರ್ಥಿಸುವವರ ವಾದ ಸರಳವಾದುದು: ಅಭಯಾರಣ್ಯದಲ್ಲಿ ಹುಲಿ, ಆನೆಗಳಿಗೆ ಇರುವ ರಕ್ಷಣೆ ಮೀನಿಗೂ ಇರಬೇಕು, ಕ್ರೀಡೆಗಾಗಿ ಗಾಳ ಚುಚ್ಚುವುದು ಮೀನಿಗೆ ಹಿಂಸೆ. ಇದನ್ನು ಪ್ರಶ್ನಿಸುವವರ ಪ್ರಕಾರ, ನಿಯಮ ಪಾಲಿಸುತ್ತಿದ್ದ ಗಾಳದವರು ನಿಷೇಧದಿಂದ ದೂರವಾದರೇ ಹೊರತು ನಿಯಮ ಮುರಿಯುತ್ತಿದ್ದ ತೋಟೆಯವರು ದೂರವಾಗಲಿಲ್ಲ; ಗಾಳದವರೊಂದಿಗೆ ದಿನವಿಡೀ ನದಿಯ ಮೇಲಿದ್ದ ಕಣ್ಣುಗಳೂ ಮರೆಯಾದವು.

ಆದರೆ ಹಿಡಿದು ಬಿಡುವ ಕ್ರಮವೊಂದೇ ಮೀನನ್ನು ಉಳಿಸಲಿಲ್ಲ ಎಂಬುದಕ್ಕೂ ಆಧಾರವಿದೆ. ಗಾಳಿಬೋರೆಯಲ್ಲಿ 1998ರಿಂದ 2012ರವರೆಗೆ ಬರೆದಿಟ್ಟ ದಾಖಲೆಗಳನ್ನು ಪರಿಶೀಲಿಸಿದ ವಿಜ್ಞಾನಿಗಳು, ಗೂನುಬೆನ್ನಿನ ಮಹಶೀರ್ ಸಂಖ್ಯೆ ಕುಸಿದು, ನೀಲಿ ರೆಕ್ಕೆಯ ಮಹಶೀರ್ ಅಥವಾ ಟಾರ್ ಖುದ್ರಿ ಹೆಚ್ಚಿರುವುದನ್ನು ಕಂಡುಕೊಂಡರು. ಮಹಾರಾಷ್ಟ್ರದ ಲೋನಾವಳಾ ಮೀನುಮರಿ ಕೇಂದ್ರದಲ್ಲಿ ಬೆಳೆಸಿದ ಈ ಪ್ರಭೇದದ ಮರಿಗಳನ್ನು ಸಂರಕ್ಷಣೆಯ ಸದುದ್ದೇಶದಿಂದಲೇ ಕಾವೇರಿಗೆ ಬಿಡಲಾಗಿತ್ತು. ಗಾಳ ಹಾಕುವವರು ಬರೆದಿಟ್ಟ ಲೆಕ್ಕ ಇಲ್ಲದಿದ್ದರೆ ಈ ಪಲ್ಲಟ ಗೊತ್ತಾಗುವುದೂ ಕಷ್ಟವಾಗಿತ್ತು.

ಸಾಲ್ಮನ್ ಮೀನಿನ ಹೋಲಿಕೆ

ಯುರೋಪಿನಲ್ಲಿ ಸಮುದ್ರದಿಂದ ನದಿಗೆ ಹತ್ತಿ ಬಂದು ಮೊಟ್ಟೆಯಿಡುವ ಸಾಲ್ಮನ್ ಮೀನಿನ ರಕ್ಷಣೆಗೂ ಇದೇ ಬಗೆಯ ಕಟ್ಟುಪಾಡುಗಳಿವೆ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 1999ರಿಂದ, ಜೂನ್ 16ಕ್ಕೆ ಮೊದಲು ಗಾಳಕ್ಕೆ ಸಿಕ್ಕ ಸಾಲ್ಮನ್ ಅನ್ನು ಮರಳಿ ಬಿಡಬೇಕೆಂಬ ನಿಯಮ ಬಂದಿತು. ಸ್ಕಾಟ್ಲೆಂಡ್‌ನಲ್ಲಿ 2016ರಿಂದ ನದಿಗಳನ್ನು ಮೀನಿನ ಸ್ಥಿತಿಗೆ ಅನುಗುಣವಾಗಿ ಮೂರು ವರ್ಗಗಳಾಗಿ ವಿಂಗಡಿಸಿ, ಮೂರನೆಯ ವರ್ಗದಲ್ಲಿ ಹಿಡಿದ ಎಲ್ಲ ಸಾಲ್ಮನ್ ಬಿಡುವುದನ್ನು ಕಡ್ಡಾಯಗೊಳಿಸಲಾಗಿದೆ. ಅಲ್ಲಿ ಒಂದೊಂದು ನದಿಯ ಮೀನಿನ ಸ್ಥಿತಿಯನ್ನು ಅಳೆದು ನಿಯಮ ರೂಪಿಸಲಾಗುತ್ತದೆ. ಕಾವೇರಿಯಲ್ಲಿ ಅಂತಹ ಅಳತೆಗೆ ಆಧಾರವಾಗಿದ್ದ ಗಾಳದವರ ದಾಖಲೆ ಕ್ರೀಡೆಯೊಂದಿಗೇ ನಿಂತಿತು.

ಸದ್ಯದ ಸ್ಥಿತಿ

ಗೂನುಬೆನ್ನಿನ ಮಹಶೀರ್ ಈಗ ಕಾವೇರಿ ಜಲಾನಯನದ ಕೆಲವೇ ನೆಲೆಗಳಿಗೆ ಸೀಮಿತವಾಗಿದೆ. ಕರ್ನಾಟಕ ಮತ್ತು ತಮಿಳುನಾಡಿನ ಗಡಿಯಲ್ಲಿ ಹರಿಯುವ ಮೋಯಾರ್ ನದಿ ಅವುಗಳಲ್ಲಿ ಪ್ರಮುಖವಾದುದು. ಸ್ಫೋಟಕ ಮತ್ತು ವಿಷದ ನಿಷೇಧ ಜಾರಿಗೆ ಬಂದು ಶತಮಾನ ಕಳೆದಿದ್ದರೂ ಅವು ಈ ಮೀನಿಗೆ ಇಂದಿಗೂ ಅಪಾಯಕಾರಿಯಾಗಿವೆ. ನದಿಪಾತ್ರದ ನಿರಂತರ ಕಾವಲು, ತೀರದ ಜನರ ಸಹಭಾಗಿತ್ವ, ಬೇರೆ ಪ್ರಭೇದದ ಮರಿಗಳನ್ನು ಬಿಡದಿರುವುದು ಮತ್ತು ಮಳೆಗಾಲದ ವಲಸೆಯ ದಾರಿಯ ರಕ್ಷಣೆ ಇದರ ಉಳಿವಿಗೆ ಅಗತ್ಯವೆಂದು ಸಂರಕ್ಷಣಾ ತಜ್ಞರು ಅಭಿಪ್ರಾಯಪಡುತ್ತಾರೆ.