ಹುಲ್ಲಿನ ಮೆದೆಯೂ ನಾಡಿನ ಚರಿತ್ರೆಯೂ

ಚರಿತ್ರೆಯನ್ನು ಬೋಧಿಸುವ ನಾವು ಕೋಟೆಕೊತ್ತಲಗಳನ್ನೂ ಸಂಧಿವಿಗ್ರಹಗಳನ್ನೂ ವಿಸ್ತಾರವಾಗಿ ವರ್ಣಿಸುತ್ತೇವೆ. ರೈತನ ಹಿತ್ತಲಿನ ಹುಲ್ಲಿನ ಮೆದೆಯ ಮಾತನ್ನು ಎತ್ತುವುದೇ ಇಲ್ಲ. ಆದರೆ ಮೈಸೂರು ನಾಡಿನಲ್ಲಿ ನೇಗಿಲನ್ನೂ ಗಾಡಿಯನ್ನೂ ಕಪಿಲೆಯನ್ನೂ ಎಳೆದುವು ಎತ್ತುಗಳು. ಆ ಎತ್ತುಗಳನ್ನು ಸಾಕಿದುದು ಯಾವುದು? ಬಹುಮಟ್ಟಿಗೆ, ಮನುಷ್ಯನು ಕಾಳನ್ನು ಬಿಡಿಸಿಕೊಂಡ ಮೇಲೆ ಉಳಿದ ರಾಗಿಯ ಹುಲ್ಲು, ಜೋಳದ ಸೊಪ್ಪೆ, ಹುರುಳಿಯ ಹೊಟ್ಟು, ಗಾಣದ ಹಿಂಡಿ.

ಮನುಷ್ಯನ ಜಠರಕ್ಕೆ ಹುಲ್ಲು ಒಗ್ಗದು. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯ ಮೊದಲ ಕೋಣೆಯಲ್ಲಾದರೋ ಕೋಟ್ಯಂತರ ಸೂಕ್ಷ್ಮಜೀವಿಗಳು ವಾಸವಾಗಿವೆ. ಅವು ನಾರನ್ನು ಹುಳಿಯಿಸಿ ಆಮ್ಲಗಳನ್ನಾಗಿ ಒಡೆಯುತ್ತವೆ. ಆ ಆಮ್ಲಗಳೇ ಪಶುವಿಗೆ ಶಕ್ತಿ. ಹೀಗೆ ಒಂದೇ ಹೊಲವು ಒಡೆಯನಿಗೆ ಹಿಟ್ಟನ್ನೂ ಅವನ ಎತ್ತಿಗೆ ಮೇವನ್ನೂ ಕೊಟ್ಟಿತು.

ಅರಮನೆಯ ದನಗಳ ರೀತಿ ಬೇರೆ. ಚಿಕ್ಕದೇವರಾಜ ಒಡೆಯರು (1672–1704) ಬೆಣ್ಣೆ ಚಾವಡಿಯನ್ನು ಏರ್ಪಡಿಸಿದರು; ಟಿಪ್ಪು ಸುಲ್ತಾನನು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟನು. ಅದರ ಮಂದೆಗಳಿಗೆ ವಿಶಾಲವಾದ ಕಾವಲುಗಳು ಮೀಸಲಾಗಿದ್ದುವು. ಸೇನೆಯ ಸಾಮಗ್ರಿಯನ್ನು ಸಾಗಿಸಿದ ಆ ತಳಿಯ ಕೀರ್ತಿಯನ್ನು ಚರಿತ್ರಕಾರರು ಬರೆದಿದ್ದಾರೆ. ಸಾಮಾನ್ಯ ರೈತನಿಗೆ ಅಂತಹ ಕಾವಲೆಲ್ಲಿಯದು? ಸುಗ್ಗಿ ಕಳೆದ ಮೇಲೆ ಅವನ ಪಾಲಿನ ಕಾವಲು ಅವನ ಮೆದೆಯೇ. ಆದುದರಿಂದ ಅವನು ಬೆಳೆಯನ್ನು ಆರಿಸುವಾಗ ಕಾಳಿನೊಡನೆ ಹುಲ್ಲನ್ನೂ ಗಣಿಸಿದನು. ರಾಗಿಯ ನಡುವೆ ಅಕ್ಕಡಿಸಾಲುಗಳಲ್ಲಿ ಅವರೆ, ಜೋಳ, ಹುಚ್ಚೆಳ್ಳುಗಳನ್ನು ಬಿತ್ತಿದನು. ಸರಿಯಾಗಿ ಒಟ್ಟಿದ ರಾಗಿಹುಲ್ಲು ವರ್ಷಗಳ ಕಾಲ ಕೆಡದೆ ಉಳಿಯುವುದರಿಂದ, ಮೆದೆಯು ಅವನಿಗೆ ಆಪದ್ಧನವೂ ಆಗಿದ್ದಿತು.

ಈ ಆಪದ್ಧನದ ಮಿತಿಯನ್ನು 1876–78ರ ಮಹಾಕ್ಷಾಮವು ತೋರಿಸಿತು. ಮಳೆ ತಪ್ಪಿದಾಗ ಕಾಳೂ ಹುಲ್ಲೂ ಒಟ್ಟಿಗೆ ತಪ್ಪುತ್ತವೆ. ದೂರದೇಶದಿಂದ ರೈಲಿನಲ್ಲಿ ಧಾನ್ಯವನ್ನು ತರಬಹುದು. ಗಾತ್ರದಲ್ಲಿ ಹಿರಿದಾಗಿ ಬೆಲೆಯಲ್ಲಿ ಕಿರಿದಾದ ಹುಲ್ಲನ್ನು ಹಾಗೆ ತರುವುದು ಸುಲಭವಲ್ಲ. ಎತ್ತು ಸತ್ತರೆ, ಮುಂದೆ ಮಳೆ ಬಂದಾಗಲೂ ಉಳುವವನ ಕೈ ಬರಿದು. 1871ರ ಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಮೈಸೂರಿನ ಜನಸಂಖ್ಯೆಯು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿದ್ದಿತು. ದನಗಳ ಸಾವು ಆ ದುಃಖದ ಇನ್ನೊಂದು ಅಧ್ಯಾಯ.

ಒಣಹುಲ್ಲಿನಲ್ಲಿ ಸಾರ ಕಡಮೆಯೆಂಬುದೂ ನಿಜ. ಮೊದಲನೆಯ ಮಹಾಯುದ್ಧದಲ್ಲಿ ಮೇವಿಲ್ಲದೆ ಬಳಲಿದ ಜರ್ಮನಿಯಲ್ಲಿ ಬೆಕ್‌ಮನ್ ಎಂಬ ರಸಾಯನಶಾಸ್ತ್ರಜ್ಞನು ಹುಲ್ಲನ್ನು ಕ್ಷಾರದ್ರವದಲ್ಲಿ ನೆನೆಯಿಸಿ ಜೀರ್ಣಕ್ಕೆ ಸುಲಭವಾಗಿಸುವ ಕ್ರಮವನ್ನು ಬಳಕೆಗೆ ತಂದನು. ತರುವಾಯ ನಮ್ಮ ದೇಶದಲ್ಲಿಯೂ, 100 ಕಿಲೋ ಹುಲ್ಲಿಗೆ 4 ಕಿಲೋ ಯೂರಿಯಾವನ್ನು ನೀರಿನಲ್ಲಿ ಕರಗಿಸಿ ಸಿಂಪಡಿಸಿ, ಗಾಳಿಯಾಡದಂತೆ ಸುಮಾರು ಮೂರು ವಾರ ಮುಚ್ಚಿಡುವ ಕ್ರಮವನ್ನು ಪಶುವೈದ್ಯರು ರೈತರಿಗೆ ಬೋಧಿಸಿದರು.

ಆದರೆ ಇದೇ ಕಾಲದಲ್ಲಿ ವಿದ್ವಾಂಸರ ದೃಷ್ಟಿಯು ಕಾಳಿನ ಮೇಲೆಯೇ ನೆಟ್ಟಿತು. 1966ರಲ್ಲಿ ಹೊರಬಂದ ಐಆರ್ 8 ಮೊದಲಾದ ಗಿಡ್ಡ ಭತ್ತಗಳು ಕಣಜವನ್ನು ತುಂಬಿದುವು. ಹಸಿದ ದೇಶಕ್ಕೆ ಅದು ಮಹೋಪಕಾರವೇ. ಗಿಡ್ಡ ಪೈರಿನಲ್ಲಿ ಕಾಳಿನ ಪಾಲು ಹೆಚ್ಚಿದಂತೆ ಹುಲ್ಲಿನ ಪಾಲು ತಗ್ಗಿತು. ಬಳಿಕ ಬಂದ ಕೊಯ್ಲಿನ ಯಂತ್ರಗಳು ಹುಲ್ಲನ್ನು ಗದ್ದೆಯಲ್ಲಿಯೇ ಚೆಲ್ಲಿ ಹೋಗುತ್ತವೆ. ಎಷ್ಟೋ ಕಡೆ ಅದಕ್ಕೆ ಬೆಂಕಿಯನ್ನೂ ಇಡುತ್ತಾರೆ. ಒಂದೆಡೆ ಮೇವಿಗೆ ಅಭಾವ, ಇನ್ನೊಂದೆಡೆ ಮೇವಿಗೆ ಚಿತೆ!

ಹೊಸ ಬೀಜವನ್ನು ಕಂಡು ಹಳ್ಳಿಯ ಮುದುಕನು “ಹುಲ್ಲೆಷ್ಟು ಬರುತ್ತದೆ?” ಎಂದು ಕೇಳಿದರೆ, ಓದಿದ ನಾವು ಅದನ್ನು ಅಜ್ಞಾನವೆಂದೆಣಿಸಿ ನಕ್ಕುದುಂಟು. ಆದರೆ ಅವನು ಲೆಕ್ಕ ಹಾಕುತ್ತಿದ್ದುದು ಇಡೀ ಸಂಸಾರದ್ದು. ನಾವು ಹಾಕುತ್ತಿದ್ದುದು ಅದರ ಅರ್ಧದ್ದು. ನಗರವಾಸಿಗಳಾದ ನಮ್ಮ ಬೆಳಗಿನ ಕಾಫಿಯ ಹಾಲು ಯಾವುದೋ ಊರಿನ ಮೆದೆಯಿಂದ ಇಳಿದು ಬಂದುದೆಂಬುದನ್ನು ನೆನೆದರೆ, ಉಳಿದರ್ಧದ ಲೆಕ್ಕವೂ ನಮ್ಮದೇ ಎಂದು ತಿಳಿದೀತು.