ಹೊಸ್ತಿಲು ದಾಟಿದ ಮೇಲೆ

‘ಉದ್ಯೋಗಂ ಪುರುಷಲಕ್ಷಣಂ’ ಎಂಬ ಮಾತನ್ನು ನಮ್ಮ ತಲೆಮಾರಿನವರೆಲ್ಲರೂ ಬಾಲ್ಯದಿಂದಲೇ ಕೇಳುತ್ತ ಬೆಳೆದವರು. ಹಾಗೆಂದು ನಮ್ಮ ನಾಡಿನ ಹೆಂಗಸರು ಎಂದಾದರೂ ಕೈಕಟ್ಟಿ ಕುಳಿತಿದ್ದರೇನು? ಗದ್ದೆಯಲ್ಲಿ ನಾಟಿ ಮಾಡಿದವರು, ರಾಟೆಯಲ್ಲಿ ನೂಲು ತೆಗೆದವರು, ಸಂತೆಯಲ್ಲಿ ತರಕಾರಿ ಮಾರಿದವರು, ಹೆರಿಗೆ ಮಾಡಿಸಿದವರು ಹೆಂಗಸರೇ. ದುಡಿಮೆಯನ್ನು ಹೆಣ್ಣಿಗೆ ಯಾರೂ ನಿರಾಕರಿಸಲಿಲ್ಲ. ನಿರಾಕರಿಸಿದ್ದು ಸಂಬಳವನ್ನು, ಹುದ್ದೆಯನ್ನು, ಅದಕ್ಕಿಂತ ಹೆಚ್ಚಾಗಿ ಆ ಹುದ್ದೆಯಲ್ಲಿ ಮೇಲೇರುವ ಹಕ್ಕನ್ನು. ಈ ಮೂರರಲ್ಲಿ ಮೊದಲ ಎರಡನ್ನು ಪಡೆದ ಕಥೆಯನ್ನು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಮೂರನೆಯದರ ಕಥೆ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಕನ್ನಡ ನೆಲದಲ್ಲಿಯೂ, ನಾವು ಬಂದು ನೆಲೆಸಿರುವ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿಯೂ ಆ ಕಥೆ ನಡೆದ ಬಗೆಯನ್ನು ಸ್ಥೂಲವಾಗಿ ಗುರುತಿಸುವುದು ಈ ಲೇಖನದ ಉದ್ದೇಶ.

ನಾನು ಉದ್ಯೋಗಸ್ಥೆಯಲ್ಲ. ಕಲಾ ವಿಭಾಗದಲ್ಲಿ ಪದವಿ ಪಡೆದು, ಗ್ಲೆಂಡೇಲಿನಲ್ಲಿ ಸಂಸಾರ ನಡೆಸುತ್ತ ಬಂದ ಗೃಹಿಣಿ. ಮನೆವಾರ್ತೆಯನ್ನು ನಾನು ಕೀಳೆಂದು ಎಣಿಸಿದವಳಲ್ಲ. ಆದರೆ ಮನೆಯಲ್ಲಿರುವುದು ನಿಜವಾದ ಆಯ್ಕೆ ಎನ್ನಿಸಿಕೊಳ್ಳಬೇಕಾದರೆ ಹೊರಗಿನ ದಾರಿಯೂ ತೆರೆದಿರಬೇಕಷ್ಟೆ. ಒಂದೇ ಬಾಗಿಲಿರುವ ಮನೆಯಲ್ಲಿ ಆಯ್ಕೆಯ ಮಾತೆಲ್ಲಿ?

ನಮ್ಮ ಮೈಸೂರು ಸಂಸ್ಥಾನ ಹೆಣ್ಣುಮಕ್ಕಳ ವಿದ್ಯಾಭ್ಯಾಸದ ವಿಷಯದಲ್ಲಿ ಹಿಂದೆ ಬಿದ್ದಿರಲಿಲ್ಲ. 1881ರಲ್ಲಿ ಅಂಬಳೆ ನರಸಿಂಹ ಅಯ್ಯಂಗಾರ್ಯರು ಮೈಸೂರಿನಲ್ಲಿ ಆರಂಭಿಸಿದ ಬಾಲಿಕೆಯರ ಶಾಲೆಯೇ ಮುಂದೆ ಮಹಾರಾಣಿ ಕಾಲೇಜಾಗಿ ಬೆಳೆಯಿತು. ಸಂಸ್ಥಾನದ ಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರಾದ ಕಮಲಮ್ಮ ದಾಸಪ್ಪನವರು ವಿಧವೆಯರ ಮತ್ತು ಪರಿತ್ಯಕ್ತೆಯರ ಶಿಕ್ಷಣಕ್ಕಾಗಿ ದುಡಿದರು. ಅವರ ಮೊಮ್ಮಗಳೇ 1922ರ ಜನವರಿ 24ರಂದು ನಂಜನಗೂಡಿನಲ್ಲಿ ಜನಿಸಿದ ರಾಜೇಶ್ವರಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತದಲ್ಲಿ ಎಂ.ಎಸ್ಸಿ. ಮುಗಿಸಿ, 1943ರಲ್ಲಿ ಅವರು ಭಾರತೀಯ ವಿಜ್ಞಾನ ಸಂಸ್ಥೆಯನ್ನು, ಎಂದರೆ ನಮ್ಮೂರಿನವರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟನ್ನು, ಸೇರಿದರು.

ಆ ಸಂಸ್ಥೆಯ ಬಾಗಿಲು ಹೆಣ್ಣಿಗೆ ತಾನಾಗಿ ತೆರೆದದ್ದಲ್ಲ. ಹತ್ತು ವರ್ಷಗಳ ಹಿಂದೆ, 1933ರಲ್ಲಿ, ಮುಂಬಯಿ ವಿಶ್ವವಿದ್ಯಾಲಯದ ಪದವೀಧರೆ ಕಮಲಾ ಭಾಗವತ್ ಅರ್ಜಿ ಹಾಕಿದಾಗ ನಿರ್ದೇಶಕರಾಗಿದ್ದ ಸರ್ ಸಿ. ವಿ. ರಾಮನ್ ಅವರು ಹೆಣ್ಣೆಂಬ ಕಾರಣಕ್ಕೆ ಪ್ರವೇಶವನ್ನು ನಿರಾಕರಿಸಿದರು. ಆಕೆ ಸತ್ಯಾಗ್ರಹದ ಮಾರ್ಗ ಹಿಡಿದರು. ಕೊನೆಗೆ ಪ್ರವೇಶವೇನೋ ದೊರೆಯಿತು, ಆದರೆ ಷರತ್ತುಗಳೊಡನೆ: ಒಂದು ವರ್ಷ ಪರೀಕ್ಷಾವಧಿ, ನಿರ್ದೇಶಕರಿಗೆ ತೃಪ್ತಿಯಾಗುವವರೆಗೆ ಕೆಲಸಕ್ಕೆ ಮನ್ನಣೆಯಿಲ್ಲ, ಪುರುಷ ಸಹಪಾಠಿಗಳ ಗಮನ ಕೆಡಿಸಕೂಡದು. ಕಮಲಾ ಎಲ್ಲವನ್ನೂ ಸಹಿಸಿ ಗೆದ್ದರು. 1939ರಲ್ಲಿ ಕೇಂಬ್ರಿಜ್‌ನಿಂದ ಡಾಕ್ಟರೇಟ್ ಪಡೆದರು. ಕಮಲಾ ಸೊಹೋನಿ ಎಂದು ಪ್ರಸಿದ್ಧರಾದವರು ಇವರೇ. ಅದೇ ರಾಮನ್ ಅವರ ಪ್ರಯೋಗಶಾಲೆಯಲ್ಲಿ 1940ರಿಂದ ಐದು ವರ್ಷ ಸಂಶೋಧನೆ ನಡೆಸಿದ ಅಣ್ಣಾ ಮಣಿಯವರಿಗೆ, ಎಂ.ಎಸ್ಸಿ. ಪದವಿ ಇಲ್ಲವೆಂಬ ಕಾರಣ ನೀಡಿ ಮದರಾಸು ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಡಲಿಲ್ಲ. ರಾಮನ್ ಅವರ ಹಿರಿಮೆಯನ್ನು ತಗ್ಗಿಸಲು ಇದನ್ನು ಹೇಳುತ್ತಿಲ್ಲ. ಅಷ್ಟು ದೊಡ್ಡ ಮನಸ್ಸಿಗೂ ಕಾಲದ ಪೂರ್ವಗ್ರಹ ಅಂಟಿಕೊಂಡಿತ್ತೆಂದರೆ, ಸಾಮಾನ್ಯರ ಮಾತೇನು ಎಂಬುದನ್ನು ಊಹಿಸಬಹುದು.

ರಾಜೇಶ್ವರಿಯವರು ಸರ್ಕಾರದ ವಿದ್ಯಾರ್ಥಿವೇತನ ಪಡೆದು 1947ರಲ್ಲಿ ಸುಮಾರು ಒಂದು ತಿಂಗಳ ಹಡಗಿನ ಪ್ರಯಾಣ ಮಾಡಿ ಅಮೆರಿಕಕ್ಕೆ ಬಂದರು. ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ವಿದ್ಯುತ್ ಎಂಜಿನಿಯರಿಂಗ್ ಓದಿ, ಡಾಕ್ಟರೇಟ್ ಪಡೆದು, 1953ರಲ್ಲಿ ಬೆಂಗಳೂರಿಗೆ ಮರಳಿ ತಮ್ಮ ಹಳೆಯ ಸಂಸ್ಥೆಯಲ್ಲೇ ಅಧ್ಯಾಪಕರಾದರು. ಪತಿ ಶಿಶಿರ್ ಕುಮಾರ್ ಚಟರ್ಜಿಯವರೊಡನೆ ಮೈಕ್ರೋವೇವ್ ಸಂಶೋಧನೆಗೆ ಅಡಿಪಾಯ ಹಾಕಿದರು. ಕಾಲಕ್ರಮದಲ್ಲಿ ತಮ್ಮ ವಿಭಾಗದ ಮುಖ್ಯಸ್ಥರೂ ಆದರು. ನಮ್ಮ ನಾಡಿನ ಮೊದಲ ಮಹಿಳಾ ಎಂಜಿನಿಯರ್ ಎಂಬ ಹೆಸರು ಅವರಿಗೆ ಸಂದಿದೆ. ಇವರ ಮೇಲೇರುವಿಕೆಯ ಹಿಂದೆ ಪ್ರತಿಭೆಯೊಂದೇ ಇರಲಿಲ್ಲವೆಂಬುದನ್ನು ನಾವು ಗಮನಿಸಬೇಕು. ಓದಿದ ಅಜ್ಜಿ ಇದ್ದರು, ಅದೇ ವಿದ್ಯೆಯಲ್ಲಿ ಜೊತೆಯಾಗಿ ದುಡಿಯುವ ಪತಿ ಇದ್ದರು. ಈ ಆಸರೆಗಳಿಲ್ಲದ ಹೆಣ್ಣುಮಕ್ಕಳು ಎಷ್ಟು ಮಂದಿ ನಡುದಾರಿಯಲ್ಲೇ ನಿಂತರೋ, ಅವರ ಹೆಸರುಗಳನ್ನು ಇತಿಹಾಸ ಬರೆದಿಡಲಿಲ್ಲ.

ರಾಜೇಶ್ವರಿಯವರಿಗಿಂತ ಸರಿಯಾಗಿ ಎರಡು ವರ್ಷ ಕಿರಿಯರು ಚೋನಿರ ಬೆಳ್ಳಿಯಪ್ಪ ಮುತ್ತಮ್ಮ. 1924ರ ಜನವರಿ 24ರಂದು ಕೊಡಗಿನ ವಿರಾಜಪೇಟೆಯಲ್ಲಿ ಜನನ. ಕೊಡಗು ಆಗ ಪ್ರತ್ಯೇಕ ಪ್ರಾಂತ್ಯ. ಅರಣ್ಯಾಧಿಕಾರಿಯಾಗಿದ್ದ ತಂದೆ ತೀರಿಕೊಂಡಾಗ ಮುತ್ತಮ್ಮನವರಿಗೆ ಒಂಬತ್ತು ವರ್ಷ. ಮಡಿಕೇರಿಯಲ್ಲಿ ಶಾಲೆ, ಮದರಾಸಿನಲ್ಲಿ ಕಾಲೇಜು ಮುಗಿಸಿ, ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಯಲ್ಲಿ ಉತ್ತೀರ್ಣರಾಗಿ 1949ರಲ್ಲಿ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ ಅವರು. ಆಗ ಅವರಿಂದ ಒಂದು ಮುಚ್ಚಳಿಕೆ ಬರೆಸಿಕೊಳ್ಳಲಾಯಿತು: ಮದುವೆಯಾದರೆ ರಾಜೀನಾಮೆ ಕೊಡತಕ್ಕದ್ದು. ಜೊತೆಗೆ ಸೇರಿದ ಗಂಡಸರಿಗೆ ಇಂಥ ಮುಚ್ಚಳಿಕೆ ಇರಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

1961ರ ಸೇವಾ ನಿಯಮಗಳು ಈ ಧೋರಣೆಯನ್ನು ಅಕ್ಷರಕ್ಕಿಳಿಸಿದವು. ಮಹಿಳಾ ಅಧಿಕಾರಿ ಮದುವೆಗೆ ಮುಂಚೆ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು. ಮದುವೆಯ ನಂತರ ಸಂಸಾರದ ಹೊಣೆಯಿಂದ ಕರ್ತವ್ಯಕ್ಕೆ ಅಡ್ಡಿಯಾಗಬಹುದೆಂದು ಸರ್ಕಾರಕ್ಕೆ ತೋರಿದರೆ ಆಕೆಯಿಂದ ರಾಜೀನಾಮೆ ಕೇಳಬಹುದು ಎಂದಿತು ಒಂದು ನಿಯಮ. ವಿವಾಹಿತ ಸ್ತ್ರೀಗೆ ಈ ಸೇವೆಯಲ್ಲಿ ನೇಮಕ ಪಡೆಯುವ ಹಕ್ಕೇ ಇಲ್ಲ ಎಂದಿತು ಇನ್ನೊಂದು. ಮುತ್ತಮ್ಮನವರು ಮದುವೆಯಾಗಲಿಲ್ಲ. ಮೂರು ದಶಕ ದುಡಿದರು. 1970ರಲ್ಲಿ ಹಂಗೆರಿಗೆ ರಾಯಭಾರಿಯಾಗಿ ನಿಯುಕ್ತರಾದರು. ಸೇವೆಯ ಒಳಗಿನಿಂದ ರಾಯಭಾರಿ ಪದವಿಗೇರಿದ ಮೊದಲ ಮಹಿಳೆಯೂ ಅವರೇ ಆದರು. ಆದರೆ ಅತ್ಯುನ್ನತ ಶ್ರೇಣಿಗೆ ಬಡ್ತಿ ನೀಡುವ ಸಮಯ ಬಂದಾಗ, ಅವರಿಗೆ ಸಾಕಷ್ಟು ಅರ್ಹತೆ ಇಲ್ಲವೆಂದು ತೀರ್ಮಾನಿಸಿ, ಅವರಿಗಿಂತ ಕಿರಿಯರನ್ನು ಮೇಲೆ ಕಳಿಸಲಾಯಿತು. ಮದುವೆಯ ನೆಪ ಹೇಳಲಾಗದ ಹೆಣ್ಣಿಗೆ ಅರ್ಹತೆಯ ನೆಪ ಒದಗಿತು ಎಂದೇ ಆಕೆ ಭಾವಿಸಿರಬೇಕು.

ಅವರು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಸೇವೆಯಲ್ಲಿದ್ದುಕೊಂಡೇ ಸರ್ಕಾರದ ಮೇಲೆ ಮೊಕದ್ದಮೆ ಹೂಡುವುದು ಎಷ್ಟು ಎದೆಗಾರಿಕೆಯ ಕೆಲಸವೆಂಬುದು ಸರ್ಕಾರಿ ನೌಕರಿಯ ಪರಿಚಯವಿದ್ದವರಿಗೆ ಗೊತ್ತು. ಅರ್ಜಿ ವಿಚಾರಣೆಯಲ್ಲಿರುವಾಗಲೇ ಸರ್ಕಾರ ಅವರಿಗೆ ಬಡ್ತಿ ನೀಡಿತು. ಆಕ್ಷೇಪಿತ ನಿಯಮಗಳಲ್ಲಿ ಒಂದನ್ನು ತೆಗೆದಿದ್ದೇವೆ, ಇನ್ನೊಂದನ್ನೂ ತೆಗೆಯುತ್ತಿದ್ದೇವೆ ಎಂದು ಹೇಳಿಕೊಂಡಿತು. 1979ರ ಸೆಪ್ಟೆಂಬರ್ 17ರಂದು ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ನೀಡಿದ ತೀರ್ಪು, ಬಡ್ತಿ ದೊರೆತಿರುವುದರಿಂದ ಅರ್ಜಿಯನ್ನು ವಜಾ ಮಾಡಿತಾದರೂ ಅಲ್ಲಿಗೆ ನಿಲ್ಲಲಿಲ್ಲ. ಸಂಸಾರದ ಹೊಣೆ ಹೆಣ್ಣಿನ ಕರ್ತವ್ಯಕ್ಕೆ ಅಡ್ಡಿಯಾಗುವುದಾದರೆ ಗಂಡಿನ ಕರ್ತವ್ಯಕ್ಕೂ ಅಡ್ಡಿಯಾಗಬೇಕಲ್ಲವೇ ಎಂಬ ಸರಳ ಪ್ರಶ್ನೆಯನ್ನು ಅದು ಎತ್ತಿತು. ನಡುವಿನ ತಿಂಗಳುಗಳಲ್ಲಿ ಬಡ್ತಿ ಪಡೆದ ಕಿರಿಯರೆದುರು ಅವರ ಜ್ಯೇಷ್ಠತೆಯನ್ನು ಮರುಪರಿಶೀಲಿಸಲು ಆದೇಶಿಸಿತು. ಒಬ್ಬೊಬ್ಬರೇ ನ್ಯಾಯಾಲಯಕ್ಕೆ ಬರುವವರೆಗೆ ಕಾಯದೆ ಎಲ್ಲ ಸೇವಾ ನಿಯಮಗಳಲ್ಲಿರುವ ಲಿಂಗಭೇದದ ಕಲೆಯನ್ನು ತೊಳೆಯಬೇಕೆಂದು ಸರ್ಕಾರಕ್ಕೆ ತಿಳಿಹೇಳಿತು. ಎಲ್ಲ ಉದ್ಯೋಗಗಳಲ್ಲೂ ಎಲ್ಲ ಸಂದರ್ಭಗಳಲ್ಲೂ ಸ್ತ್ರೀಪುರುಷರು ಸಮಾನರೆಂದು ತಾನು ಸಾರುತ್ತಿಲ್ಲ ಎಂಬ ಎಚ್ಚರಿಕೆಯ ಮಾತನ್ನೂ ಅದೇ ತೀರ್ಪು ಸೇರಿಸಿತು. ಮುತ್ತಮ್ಮನವರು ಘಾನಾ ಮತ್ತು ನೆದರ್‌ಲ್ಯಾಂಡ್ಸ್ ದೇಶಗಳಲ್ಲಿಯೂ ಭಾರತದ ಪ್ರತಿನಿಧಿಯಾಗಿದ್ದು 1982ರಲ್ಲಿ ನಿವೃತ್ತರಾದರು. 2009ರಲ್ಲಿ ಬೆಂಗಳೂರಿನಲ್ಲಿ ನಿಧನರಾದರು.

ಇದೇ ಕಾಲದ ಇನ್ನೊಂದು ಪ್ರಸಂಗ ನಮ್ಮವರಿಗೆಲ್ಲ ಪರಿಚಿತ. ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದಿ ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಬಂದ ಸುಧಾ ಕುಲಕರ್ಣಿ, ಇಂದಿನ ಸುಧಾ ಮೂರ್ತಿಯವರು, 1974ರಲ್ಲಿ ಟೆಲ್ಕೋ ಕಂಪೆನಿಯ ಜಾಹೀರಾತಿನಲ್ಲಿ ಮಹಿಳೆಯರು ಅರ್ಜಿ ಹಾಕಬೇಕಾಗಿಲ್ಲ ಎಂಬ ಸೂಚನೆ ಕಂಡು ಜೆ. ಆರ್. ಡಿ. ಟಾಟಾ ಅವರಿಗೇ ಒಂದು ಕಾರ್ಡು ಬರೆದು, ಸಂದರ್ಶನಕ್ಕೆ ಕರೆಸಿಕೊಂಡು, ಕೆಲಸ ಪಡೆದರು. 1976ರಲ್ಲಿ ಭಾರತದ ಸಮಾನ ವೇತನ ಕಾಯಿದೆ ಬಂದು, ನೇಮಕಾತಿಯಲ್ಲಿ ಇಂಥ ಭೇದವನ್ನು ನಿಷೇಧಿಸಿತು. ಆದರೆ ಬಡ್ತಿ, ತರಬೇತಿ, ವರ್ಗಾವಣೆಗಳೆಂಬ ಶಬ್ದಗಳು ಆ ಕಾಯಿದೆಯೊಳಗೆ ಸೇರಿದ್ದು 1987ರ ತಿದ್ದುಪಡಿಯಿಂದ. ಒಳಗೆ ಬಂದ ಹೆಣ್ಣು ಮೇಲೆಯೂ ಹೋಗಬೇಕಾದೀತು ಎಂಬುದು ಶಾಸನಕ್ಕೆ ಹೊಳೆಯಲು ಹನ್ನೊಂದು ವರ್ಷ ಹಿಡಿಯಿತು!

ಇದೆಲ್ಲ ಹಿಂದುಳಿದ ದೇಶದ ಮಾತು, ಅಮೆರಿಕದಲ್ಲಿ ಹೀಗಿರಲಿಲ್ಲ ಎಂದು ಕೆಲವರು ತಿಳಿದಿರುವುದುಂಟು. ನಾನಿರುವ ಗ್ಲೆಂಡೇಲಿನಿಂದ ಕೆಲವೇ ಮೈಲಿ ದೂರದಲ್ಲಿ, ಬೆಟ್ಟಗಳ ಅಡಿಯಲ್ಲಿ, ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿ ಇದೆ. ಯಂತ್ರಗಣಕಗಳು ಬರುವ ಮುನ್ನ ಅಲ್ಲಿ ರಾಕೆಟ್‌ಗಳ ಗಣಿತವನ್ನು ಕೈಯಿಂದಲೇ ಲೆಕ್ಕ ಹಾಕುತ್ತಿದ್ದವರು ಹೆಂಗಸರು. ‘ಕಂಪ್ಯೂಟರ್’ ಎಂಬುದು ಆಗ ಅವರ ಹುದ್ದೆಯ ಹೆಸರು. 1948ರಲ್ಲಿ ಸೇರಿದ್ದ ಬಾರ್ಬರಾ ಪಾಲ್ಸನ್, 1958ರಲ್ಲಿ ಅಮೆರಿಕದ ಮೊದಲ ಉಪಗ್ರಹ ಹಾರಿದ ರಾತ್ರಿ ಅದರ ಪಥವನ್ನು ಗುರುತಿಸಿದವರಲ್ಲಿ ಒಬ್ಬರು. ಆದರೆ 1960ರಲ್ಲಿ ಗರ್ಭಿಣಿಯಾದಾಗ ಅವರು ಕೆಲಸ ಬಿಡಬೇಕಾಯಿತು, ಏಕೆಂದರೆ ಹೆರಿಗೆ ರಜೆ ಎಂಬುದೇ ಅಲ್ಲಿರಲಿಲ್ಲ. ಅವರನ್ನು ಮತ್ತೆ ಕರೆಸಿಕೊಂಡವರು ಹೆಲೆನ್ ಲಿಂಗ್ ಎಂಬ ಚೀನಾ ಮೂಲದ ಮಹಿಳೆ. ಒಬ್ಬ ಹೆಣ್ಣು ಮೇಲಿನ ಸ್ಥಾನದಲ್ಲಿದ್ದರೆ ಇನ್ನೊಬ್ಬಳಿಗೆ ಬಾಗಿಲು ತೆರೆಯುತ್ತದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಅದೇ ಸಂಸ್ಥೆಗೆ ಮೊದಲ ಮಹಿಳಾ ನಿರ್ದೇಶಕರಾಗಿ ಲಾರಿ ಲೆಶಿನ್ ಬಂದದ್ದು 2022ರಲ್ಲಿ.

1964ರ ನಾಗರಿಕ ಹಕ್ಕುಗಳ ಕಾಯಿದೆ ಉದ್ಯೋಗದಲ್ಲಿ ಲಿಂಗಭೇದವನ್ನು ನಿಷೇಧಿಸಿತು, ನಿಜ. ಆದರೂ ಲಾಸ್ ಏಂಜಲೀಸ್ ನಗರದ ನೀರು ಮತ್ತು ವಿದ್ಯುತ್ ಇಲಾಖೆ, ಹೆಂಗಸರು ಹೆಚ್ಚು ಕಾಲ ಬದುಕುತ್ತಾರೆಂಬ ಕಾರಣ ಕೊಟ್ಟು, ಪಿಂಚಣಿ ನಿಧಿಗೆ ಗಂಡಸರಿಗಿಂತ ಸುಮಾರು 15 ಶೇಕಡಾ ಹೆಚ್ಚು ಹಣವನ್ನು ಅವರ ಸಂಬಳದಿಂದ ಕತ್ತರಿಸುತ್ತಿತ್ತು. ಇದು ಸಲ್ಲದೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತದ್ದು 1978ರಲ್ಲಿ. ಇದೇ ನಗರದ ಒಂದು ಬ್ಯಾಂಕಿನಲ್ಲಿ ಸ್ವಾಗತಕಾರಿಣಿಯಾಗಿದ್ದ ಲಿಲಿಯನ್ ಗಾರ್ಲೆಂಡ್, 1982ರಲ್ಲಿ ಹೆರಿಗೆ ಮುಗಿಸಿ ಕೆಲಸಕ್ಕೆ ಮರಳಿದಾಗ ಆಕೆಯ ಜಾಗ ಭರ್ತಿಯಾಗಿತ್ತು. ಕೆಲಸ ಹೋಯಿತು, ಬಾಡಿಗೆ ಕಟ್ಟಲಾಗದೆ ಮನೆ ಹೋಯಿತು, ಮಗಳ ಪಾಲನೆಯ ಹಕ್ಕೂ ಕೈತಪ್ಪಿತು. ಹೆರಿಗೆಗೆ ನಾಲ್ಕು ತಿಂಗಳವರೆಗೆ ರಜೆ ಕೊಡಿಸುವ ಕ್ಯಾಲಿಫೋರ್ನಿಯಾದ ಕಾನೂನನ್ನು ಸರ್ವೋಚ್ಚ ನ್ಯಾಯಾಲಯ 1987ರಲ್ಲಿ ಎತ್ತಿಹಿಡಿದದ್ದು ಈಕೆಯ ಹೋರಾಟದಿಂದಾಗಿ. ಇಂದು ಈ ರಾಜ್ಯದಲ್ಲಿ ನಮ್ಮ ಹೆಣ್ಣುಮಕ್ಕಳು ಸಹಜವೆಂಬಂತೆ ಪಡೆಯುವ ರಜೆಯ ಹಿಂದೆ ಈ ಬೆಲೆ ತೆತ್ತ ತಾಯಿಯೊಬ್ಬಳಿದ್ದಾಳೆ.

1995ರಲ್ಲಿ ಅಮೆರಿಕ ಸರ್ಕಾರವೇ ನೇಮಿಸಿದ ‘ಗಾಜಿನ ಚಾವಣಿ ಆಯೋಗ’ ತನ್ನ ವರದಿಯಲ್ಲಿ, ಅತಿ ದೊಡ್ಡ ಕಂಪೆನಿಗಳ ಹಿರಿಯ ವ್ಯವಸ್ಥಾಪಕರಲ್ಲಿ 95ರಿಂದ 97 ಶೇಕಡಾ ಮಂದಿ ಪುರುಷರೆಂದು ಲೆಕ್ಕ ತೋರಿಸಿತು. ಮೇಲಿರುವುದು ಕಾಣುತ್ತದೆ, ಆದರೆ ತಲೆ ತಾಗುತ್ತದೆ. ಗಾಜಿನ ಚಾವಣಿಯೆಂದರೆ ಅದೇ.

ನಮ್ಮ ವಲಸಿಗ ಕುಟುಂಬಗಳಿಗೆ ಇನ್ನೊಂದು ವಿಶೇಷ ಹೊಸ್ತಿಲಿತ್ತು. ಎಚ್-1ಬಿ ವೀಸಾದ ಮೇಲೆ ಬಂದವರ ಪತ್ನಿಯರು ಎಚ್-4 ವೀಸಾದಲ್ಲಿ ದುಡಿಯುವಂತಿರಲಿಲ್ಲ. ವೈದ್ಯೆಯರು, ಎಂಜಿನಿಯರುಗಳು, ಉಪನ್ಯಾಸಕಿಯರು ಹಸಿರು ಕಾರ್ಡಿಗಾಗಿ ವರ್ಷಗಟ್ಟಲೆ ಕಾಯುತ್ತ ಕುಳಿತರು. ಹಸಿರು ಕಾರ್ಡಿನ ಹಾದಿಯಲ್ಲಿ ನಿರ್ದಿಷ್ಟ ಹಂತ ತಲುಪಿದವರ ಪತಿ ಅಥವಾ ಪತ್ನಿಗೆ ಕೆಲಸದ ಅನುಮತಿ ದೊರೆತದ್ದು 2015ರ ಮೇ 26ರಿಂದ. ಅನುಮತಿ ಬಂದಾಗ ಕೆಲಸ ದೊರೆಯಿತು. ಕಳೆದ ವರ್ಷಗಳು ದೊರೆಯಲಿಲ್ಲ. ಎಂಟು ವರ್ಷ ಬಿಡುವಿನ ನಂತರ ಸೇರಿದವಳು, ತನಗಿಂತ ಎಂಟು ವರ್ಷ ಕಿರಿಯರ ಕೈಕೆಳಗೆ ಆರಂಭಿಸಬೇಕಾಗುತ್ತದೆ. ಬಡ್ತಿಯ ಏಣಿಯಲ್ಲಿ ಆ ಅಂತರ ಕೊನೆಯವರೆಗೂ ಹಿಂಬಾಲಿಸುತ್ತದೆ.

ವಿರಾಜಪೇಟೆಯಿಂದ ಲಾಸ್ ಏಂಜಲೀಸಿನವರೆಗೆ ಈ ಘಟನೆಗಳನ್ನು ಒಂದೇ ಸಾಲಿನಲ್ಲಿ ಇಟ್ಟು ನೋಡಿದರೆ ಒಂದು ತರ್ಕ ಕಾಣುತ್ತದೆ. ಹೆಣ್ಣು ಇಂದಲ್ಲ ನಾಳೆ ಕೆಲಸ ಬಿಡುವವಳು ಎಂಬ ಊಹೆಯಿಂದ ಅವಳಿಗೆ ಹೊಣೆಯ ಕೆಲಸ ಕೊಡುವುದಿಲ್ಲ. ಹೊಣೆ ಸಿಗದವಳಿಗೆ ಬಡ್ತಿ ಸಿಗುವುದಿಲ್ಲ. ಬಡ್ತಿ ಕಾಣದವಳು ಬೇಸತ್ತು ಮನೆಗೆ ಮರಳುತ್ತಾಳೆ. ಆಗ, ನಾವು ಮೊದಲೇ ಹೇಳಿದ್ದೆವಲ್ಲ ಎನ್ನುತ್ತಾರೆ! ಈ ಚಕ್ರವನ್ನು ಮುರಿದದ್ದು ಒಂದೆಡೆ ಕಾನೂನು, ಇನ್ನೊಂದೆಡೆ ಹಟ ಬಿಡದ ಹೆಣ್ಣುಮಕ್ಕಳು, ಮತ್ತೊಂದೆಡೆ ಅವರ ಬೆನ್ನಿಗೆ ನಿಂತ ಮನೆಮಂದಿ. ಮೂರೂ ಕೂಡಿದಾಗ ಫಲ ಕಂಡಿದೆ. 2017ರ ಕೊನೆಯಲ್ಲಿ ಕರ್ನಾಟಕದ ಮುಖ್ಯ ಕಾರ್ಯದರ್ಶಿಯಾಗಿ ಕೆ. ರತ್ನಪ್ರಭಾ, ಪೊಲೀಸ್ ಮಹಾನಿರ್ದೇಶಕರಾಗಿ ನೀಲಮಣಿ ರಾಜು ಏಕಕಾಲದಲ್ಲಿ ಅಧಿಕಾರದಲ್ಲಿದ್ದರು. 2021ರಲ್ಲಿ ನಮ್ಮ ಬಿ. ವಿ. ನಾಗರತ್ನ ಅವರು, ಮುತ್ತಮ್ಮನವರು ನ್ಯಾಯ ಕೇಳಿ ನಿಂತಿದ್ದ ಅದೇ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾದರು.

ಸಮ್ಮೇಳನಕ್ಕೆ ಬಂದಿರುವ ಬಂಧುಭಗಿನಿಯರಲ್ಲಿ ಎರಡು ವಿನಂತಿಗಳಿವೆ. ಮೊದಲನೆಯದು, ನಮ್ಮ ನಮ್ಮ ಕನ್ನಡ ಸಂಘಗಳಲ್ಲಿ ಅಧ್ಯಕ್ಷ ಸ್ಥಾನಕ್ಕೆ ಎಷ್ಟು ಮಂದಿ ಹೆಂಗಸರು ಬಂದಿದ್ದಾರೆ, ಊಟದ ಸಮಿತಿಯಲ್ಲಿ ಎಷ್ಟು ಮಂದಿ ಗಂಡಸರು ಸೌಟು ಹಿಡಿದಿದ್ದಾರೆ ಎಂಬುದನ್ನು ಒಮ್ಮೆ ಎಣಿಸಿ ನೋಡೋಣ. ಬೇರೆಯವರ ಚಾವಣಿಯನ್ನು ದೂರುವ ಮೊದಲು ನಮ್ಮ ಚಪ್ಪರವನ್ನು ನೋಡಿಕೊಳ್ಳುವುದು ಒಳಿತು. ಎರಡನೆಯದು, ಈ ನೆಲಕ್ಕೆ ಮೊದಲು ಬಂದ ನಮ್ಮ ಹಿರಿಯ ಹೆಣ್ಣುಮಕ್ಕಳು ಏನು ಓದಿದ್ದರು, ಏನು ಕೆಲಸ ಮಾಡಿದರು, ಎಲ್ಲಿ ನಿಲ್ಲಬೇಕಾಯಿತು ಎಂಬುದನ್ನು ಅವರ ಬಾಯಿಂದಲೇ ಕೇಳಿ ಬರೆದಿಡೋಣ. ಪುಣ್ಯಕ್ಕೆ ಅವರಲ್ಲಿ ಅನೇಕರು ಇನ್ನೂ ನಮ್ಮ ನಡುವೆ ಇದ್ದಾರೆ. ಈ ಸಭಾಂಗಣದಲ್ಲಿ ಪಕ್ಕದ ಕುರ್ಚಿಯಲ್ಲಿಯೇ ಅಂಥವರೊಬ್ಬರು ಕುಳಿತಿರಬಹುದು, ಕೇಳಿ ನೋಡಿ.