ಕಡಲಿಗೆ ಕಾವಲು: ಮಾಲ್ವಣದಿಂದ ಅಪ್ಸರಕೊಂಡದವರೆಗೆ

ನಮ್ಮ ವನ್ಯಜೀವಿ ರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. ಅದನ್ನು ಬರೆದವರ ಕಣ್ಣಮುಂದೆ ಇದ್ದದ್ದು ಕಾಡು. ಕಡಲಿಗೆ ಅದು ಕಾಲಿಟ್ಟದ್ದು ಎಂಟು ವರ್ಷ ತಡವಾಗಿ: 1980ರಲ್ಲಿ ಕಛ್ ಕೊಲ್ಲಿ, 1986ರಲ್ಲಿ ಮನ್ನಾರ್ ಕೊಲ್ಲಿಯ 21 ದ್ವೀಪಗಳು, 1987ರಲ್ಲಿ ನಮ್ಮ ಮಹಾರಾಷ್ಟ್ರದ ಮಾಲ್ವಣ.

ಮಾಲ್ವಣದಲ್ಲಿ ಸಿಂಧುದುರ್ಗ ಕೋಟೆಯ ಸುತ್ತಲಿನ 29.12 ಚದರ ಕಿ.ಮೀ. ಅಭಯಾರಣ್ಯವಾಯಿತು. ಮೀನುಗಾರರು ವಿರೋಧಿಸುತ್ತಲೇ ಬಂದರು. ತಲೆಮಾರುಗಳಿಂದ ಬಲೆ ಬೀಸಿದ ನೀರಿಗೆ ಕಚೇರಿಯಲ್ಲಿ ಕೂತು ಗಡಿ ಹಾಕಿದರೆ ಯಾರು ಒಪ್ಪಿಯಾರು? ಜತ್ತ ಸೀಮೆಯ ನಮಗೆ ಇದು ಹೊಸತಲ್ಲ. ಪಕ್ಕದ ಸೋಲಾಪುರ ಮತ್ತು ಆಗಿನ ಅಹಮದನಗರ ಜಿಲ್ಲೆಗಳಲ್ಲಿ ಮಾಳಢೋಕ (ಎರೆಭೂತ) ಹಕ್ಕಿಗೆಂದು 1979ರಲ್ಲಿ 8,496 ಚದರ ಕಿ.ಮೀ. ಅಭಯಾರಣ್ಯ ಘೋಷಿಸಿದರು. ಊರು, ಹೊಲ, ರಸ್ತೆ ಎಲ್ಲ ಅದರೊಳಗೆ ಬಿದ್ದವು. ಕೊನೆಗೆ ಅದನ್ನು ಸುಮಾರು 1,222ಕ್ಕೆ ಇಳಿಸಬೇಕಾಯಿತು. ಅಷ್ಟರಲ್ಲಿ ಹಕ್ಕಿಯೂ ಅಪರೂಪವಾಗಿತ್ತು.

ಇತ್ತ ಕರ್ನಾಟಕದ ಕರಾವಳಿಯಲ್ಲಿ ಕಡಲಿನ ಮೇಲಿನ ಭಾರ ಬೇರೆ ಬಗೆಯಲ್ಲಿ ಏರುತ್ತಿತ್ತು. ದಡಕ್ಕೆ ಬರುವ ಬಂಗುಡೆ, ತಾರ್ಲೆಯನ್ನು ಊರೆಲ್ಲ ಕೂಡಿ ಎಳೆಯುತ್ತಿದ್ದ ರಂಪಣಿ ಬಲೆ 1970ರ ದಶಕದ ನಡುವೆ ಬಂದ ಪರ್ಸಿನ್ ಬೋಟುಗಳೆದುರು ಸೋತಿತು. ಮೀನು ದಡ ಮುಟ್ಟುವ ಮೊದಲೇ ಬೋಟಿನಲ್ಲಿರುತ್ತಿತ್ತು. ಈ ಜಗಳಗಳ ಬೆನ್ನಿಗೇ 1986ರಲ್ಲಿ ರಾಜ್ಯದ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಬಂತು. ಮಳೆಗಾಲದ 61 ದಿನಗಳ ನಿಷೇಧ ಈಗಲೂ ಇದೆ. ಎರಡು ಬೋಟುಗಳು ಕೂಡಿ ಬಲೆ ಎಳೆಯುವ ಬುಲ್ ಟ್ರಾಲ್ ಮತ್ತು ಎಲ್‌ಇಡಿ ಬೆಳಕಿನ ಮೀನುಗಾರಿಕೆಯನ್ನು 2017ರಲ್ಲಿ ಕೇಂದ್ರವೂ ನಿಷೇಧಿಸಿತು. ಅಭಯಾರಣ್ಯವೆಂಬ ಹೆಸರಿಲ್ಲದ ಈ ಕಟ್ಟುಪಾಡುಗಳನ್ನೂ ನಾನು ಕಡಲ ರಕ್ಷಣೆಯ ಲೆಕ್ಕಕ್ಕೇ ಸೇರಿಸುತ್ತೇನೆ.

ಕಾನೂನೂ ಕಲಿಯುತ್ತ ಬಂದಿದೆ. ಕಡಲನ್ನು ಅಭಯಾರಣ್ಯ ಮಾಡುವಾಗ ಸ್ಥಳೀಯ ಮೀನುಗಾರರ ಕಸುಬಿಗೆ ರಕ್ಷಣೆ ಒದಗಿಸಬೇಕೆಂದು 1991ರ ತಿದ್ದುಪಡಿ ಹೇಳಿತು. 2002ರದ್ದು ಸಮುದಾಯ ಮೀಸಲು ಎಂಬ ಹೊಸ ದಾರಿ ತೆರೆಯಿತು.

ಜಗತ್ತಿನ ಗುರಿ ಈಗ ದೊಡ್ಡದಾಗಿದೆ. 2022ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ 2030ರೊಳಗೆ ಕಡಲಿನ ಶೇ. 30ರಷ್ಟನ್ನು ಕಾಯಬೇಕು. ಆದರೆ ವಿಸ್ತಾರವೊಂದರಿಂದಲೇ ಮೀನು ಹೆಚ್ಚುವುದಿಲ್ಲ. 87 ಸಾಗರ ರಕ್ಷಿತ ಪ್ರದೇಶಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ಐದು ಗುಣಗಳನ್ನು ಗುರುತಿಸಿತು: ಪೂರ್ತಿ ಮೀನುಗಾರಿಕೆ ನಿಷೇಧ, ಗಟ್ಟಿ ಕಾವಲು, ಹತ್ತು ವರ್ಷ ದಾಟಿದ ವಯಸ್ಸು, 100 ಚದರ ಕಿ.ಮೀ. ಮೀರಿದ ವಿಸ್ತೀರ್ಣ, ಸುತ್ತ ಆಳನೀರಿನ ಅಥವಾ ಮರಳಿನ ಏಕಾಂತ. ಒಂದೋ ಎರಡೋ ಗುಣಗಳಷ್ಟೇ ಇದ್ದ ಕಡೆ, ಎಂದಿನಂತೆ ಮೀನು ಹಿಡಿಯುವ ನೀರಿಗಿಂತ ಭಿನ್ನವಾದದ್ದೇನೂ ಕಾಣಲಿಲ್ಲ.

ಈ ಅಳತೆಯಲ್ಲೇ ಹೊನ್ನಾವರದ ಅಪ್ಸರಕೊಂಡ-ಮುಗಳಿಯನ್ನು ನೋಡಬೇಕು. ಕರ್ನಾಟಕದ ಮೊದಲ ಸಾಗರ ಅಭಯಾರಣ್ಯವಾಗಿ ಗುರುತಿಸಿರುವ ಇದರ ವಿಸ್ತೀರ್ಣ ಸುಮಾರು 59 ಚದರ ಕಿ.ಮೀ. ಬಹುಪಾಲು ನೀರು. ನೂರಕ್ಕೆ ಮುಟ್ಟದು, ಏಕಾಂತವೂ ಇಲ್ಲ. ಹಾಗಾಗಿ ಉಳಿದ ಮೂರೇ ಅದನ್ನು ಕಾಪಾಡಬೇಕು: ನಿಷೇಧ, ಕಾವಲು, ಕಾಲ. ಮೊದಲೆರಡು ಮೀನುಗಾರರ ಒಪ್ಪಿಗೆಯಿಲ್ಲದೆ ಒಂದು ಹಂಗಾಮೂ ನಡೆಯವು. ಎಲ್ಲಿ ಪೂರ್ತಿ ನಿಷೇಧ, ಎಲ್ಲಿ ನಾಡದೋಣಿಗೆ ಅವಕಾಶ ಎಂಬುದನ್ನು ಅವರೊಂದಿಗೆ ಕೂತೇ ತೀರ್ಮಾನಿಸಬೇಕು. ಪಕ್ಕದ ಕಾಸರಕೋಡ-ಟೊಂಕದ ಮರಳಿನಲ್ಲಿ ಕಡಲಾಮೆಗಳು ಮೊಟ್ಟೆಯಿಡುತ್ತವೆ, ಅದೇ ದಂಡೆಯಲ್ಲಿ ಹೆಂಗಸರು ಮೀನು ಒಣಗಿಸುತ್ತಾರೆ. ಗೂಡು ಕಾಯುವ ಕೆಲಸವನ್ನು ಸಂಬಳ ಕೊಟ್ಟು ಅವರಿಗೇ ವಹಿಸಬೇಕು, ಟ್ರಾಲರುಗಳ ಮೇಲೆ ಕಣ್ಣಿಡುವ ಬೋಟಿನಲ್ಲಿ ಆ ಊರಿನ ಮೀನುಗಾರರೂ ಇರಬೇಕು.